ಹುರುಳಿ ಸಾರಿನ ಪಕ್ಕ ಕೆಂಪು ವೈನ್

ಥಾಣೆ ಅತ್ತೆ: (ಫಾರ್ವರ್ಡ್) ಮನೆಯ ಬಿಸಿ ಸೂಪಿನ ಜೊತೆ ಒಂದು ಲೋಟ ಕೆಂಪು ವೈನ್ ಕುಡಿದರೆ ಹೃದಯಕ್ಕೆ ರಕ್ಷೆ. ಫ್ರಾನ್ಸಿನವರ ಗುಟ್ಟು! ಎಲ್ಲರಿಗೂ ಕಳುಹಿಸಿ.

ಥಾಣೆ ಅತ್ತೆ: ನಮ್ಮ ಹುರುಳಿ ಸಾರಿಗೂ ಆದೀತೇ?

ಪುಣೆ ಅಣ್ಣ: ಇದನ್ನು ಹೇಳಿದ್ದು ಯಾರು? ಮದ್ಯ ಎಷ್ಟೇ ಕಡಿಮೆ ಕುಡಿದರೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿದೆ. ಅತ್ತೆ, ಕಳುಹಿಸುವ ಮುನ್ನ ಒಮ್ಮೆ ಓದಿ.

ಥಾಣೆ ಅತ್ತೆ: ಹತ್ತನೇ ತರಗತಿಯಲ್ಲಿದ್ದಾಗಿನಿಂದ ನೀನು ನನಗೆ ಪಾಠ ಹೇಳುತ್ತಲೇ ಇದ್ದೀಯ.

ಮುಲುಂಡ್ ದೊಡ್ಡಪ್ಪ: ಕುಡಿತದ ಮಾತು ಈ ಗುಂಪಿನಲ್ಲಿ ಬೇಡ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವನು ನಾನು. ಒಂದು ತೊಟ್ಟು ಮುಟ್ಟಿಲ್ಲ.

ಡೊಂಬಿವಲಿ ಭಾವ: ರಾತ್ರಿ ಶಾಲೆ ಎಂದೊಡನೆ ಚಾಳಿನ ಆ ಕೋಣೆ ಕಣ್ಣ ಮುಂದೆ ಬಂತು, ಮಾವ. ಸೀಮೆಎಣ್ಣೆ ಸ್ಟೌ ಮೇಲೆ ಕಂಚಿನ ಪಾತ್ರೆ. ಬೆಂದ ಹುರುಳಿಯ ಕಟ್ಟು ಬಸಿದು, ಅದು ಮುಕ್ಕಾಲಾಗುವವರೆಗೆ ಕುದಿಸಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಿದ್ದರು ಅಜ್ಜಿ. ಪಕ್ಕದ ಮರಾಠಿ ಮನೆಯವರೂ ಬಟ್ಟಲು ಹಿಡಿದು ಬರುತ್ತಿದ್ದರು.

ನಾನು: ಹೃದಯದ ಮಾತಿಗೆ ಅಣ್ಣ ಉತ್ತರ ಕೊಟ್ಟಾಗಿದೆ. ರುಚಿಯ ಮಾತು ನನ್ನದು. ಫ್ರಾನ್ಸಿನ ನೈರುತ್ಯ ಭಾಗದಲ್ಲಿ ಸೂಪಿನ ತಳದಲ್ಲಿ ಉಳಿದ ಬಿಸಿ ರಸಕ್ಕೆ ಕೆಂಪು ವೈನ್ ಸುರಿದು, ಬಟ್ಟಲನ್ನೇ ಎತ್ತಿ ಕುಡಿಯುವ ಹಳೆಯ ರೂಢಿಯಿದೆ. ಅದಕ್ಕೆ ಶಾಬ್ರೋ ಎನ್ನುತ್ತಾರೆ. ಅವರ ಸೂಪಿಗೆ ಅದು ಒಗ್ಗುತ್ತದೆ, ನಮ್ಮ ಸಾರಿಗೆ ಒಗ್ಗುವುದಿಲ್ಲ. ಹುರುಳಿಯೇ ಒಗರು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ ಟ್ಯಾನಿನ್‌ನಿಂದಾಗಿ ಕೆಂಪು ವೈನೂ ಒಗರು. ಸಾಲದ್ದಕ್ಕೆ ಒಣಮೆಣಸಿನ ಉರಿಯನ್ನು ಮದ್ಯ ಇನ್ನಷ್ಟು ಕೆರಳಿಸುತ್ತದೆ. ನಾಸಿಕದ ವೈನ್ ತಂದು ನಾನೇ ಪರೀಕ್ಷಿಸಿದ್ದೇನೆ. ಹಸಿ ಅಡಿಕೆ ಅಗಿದಂತೆ ನಾಲಗೆ ಒಣಗಿಹೋಯಿತು, ಬೆಳ್ಳುಳ್ಳಿಯ ಘಮವೇ ತಿಳಿಯಲಿಲ್ಲ. ಅಜ್ಜಿಯ ಸಾರಿಗೆ ಈ ಅನ್ಯಾಯ ಬೇಡ.

ಮುಲುಂಡ್ ದೊಡ್ಡಪ್ಪ: ನೀನು ವೈನ್ ತಂದೆಯಾ? ಯಾವಾಗ?

ಪುಣೆ ಅಣ್ಣ: ದೊಡ್ಡಪ್ಪ, ಅತ್ತೆ ಕಳುಹಿಸಿದ್ದು ತಪ್ಪು ಎಂಬುದಷ್ಟೇ ಇಲ್ಲಿನ ವಿಷಯ.

ಥಾಣೆ ಅತ್ತೆ: ತಪ್ಪೆಲ್ಲ ನನ್ನದೇ ಆಗಲಿ. ಅಮ್ಮನ ಸಾರಿನ ಬಗ್ಗೆ ಇಷ್ಟು ಮಾತನಾಡುತ್ತೀರಲ್ಲ, ಆ ಕಂಚಿನ ಪಾತ್ರೆ ಈಗ ಯಾರ ಮನೆಯಲ್ಲಿದೆ? ಅಮ್ಮ ತೀರಿಕೊಂಡ ವರ್ಷ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ.

ಡೊಂಬಿವಲಿ ಭಾವ: ಮಾವನ ಅಟ್ಟದ ಮೇಲೆ ನೋಡಿದ ನೆನಪು.

ಮುಲುಂಡ್ ದೊಡ್ಡಪ್ಪ: ಇಲ್ಲೇ ಇದೆ. ನಾನೇನು ಮಾರಿಕೊಂಡಿಲ್ಲ. ಒಂದು ಹಿಡಿ ಮುರಿದಿದೆ, ಅಷ್ಟೇ.

ಥಾಣೆ ಅತ್ತೆ: ಹಿಡಿ ಮುರಿದಿದೆಯೇ? ಯಾವಾಗ, ಅಣ್ಣಾ? ನನಗೆ ಒಂದು ಮಾತು ಹೇಳಬಾರದಿತ್ತೇ?