ಮಾರ್ಚ್ ಮೊದಲ ವಾರದಲ್ಲಿ ಮನಾಲಿ: ಚಳಿಗಾಲ ಮುಗಿಯುವ ಹೊತ್ತಿಗೇಕೆ ಇಷ್ಟು ಹಿಮ, ಇಷ್ಟು ಗಾಳಿ?

ಪ್ರಶ್ನೆ: ತೀರ್ಥಹಳ್ಳಿಯವ

ಎಲ್ಲರಿಗೂ ನಮಸ್ಕಾರ. ಮಾರ್ಚ್ ಮೊದಲ ವಾರದಲ್ಲಿ ಅಪ್ಪ, ಅಮ್ಮ ಇಬ್ಬರನ್ನೂ ಮನಾಲಿಗೆ ಕರೆದುಕೊಂಡು ಹೋಗುವ ಯೋಚನೆಯಿದೆ. ಸಾಧ್ಯವಾದರೆ ಅಟಲ್ ಸುರಂಗ ದಾಟಿ ಲಾಹೌಲ್ ಕಣಿವೆಯ ಸಿಸ್ಸುವನ್ನೂ ನೋಡಬೇಕೆಂಬುದು ಅವರ ಆಸೆ. ಜನವರಿ ಕಳೆದರೆ ಚಳಿಗಾಲದ ಜೋರು ಇಳಿಯುತ್ತದೆ, ಮಾರ್ಚ್‌ನಲ್ಲಿ ದಾರಿಗೆ ಏನೂ ತೊಂದರೆಯಿಲ್ಲ ಎಂದು ಪ್ರವಾಸದ ಏಜೆಂಟರು ಭರವಸೆ ಕೊಡುತ್ತಿದ್ದಾರೆ. ಆದರೆ 2025ರ ಫೆಬ್ರವರಿ 28ರಂದು ಉತ್ತರಾಖಂಡದ ಮಾಣಾ ಬಳಿ ಗಡಿ ರಸ್ತೆ ಸಂಸ್ಥೆಯ ಶಿಬಿರದ ಮೇಲೆ ಹಿಮ ಕುಸಿದು 54 ಕಾರ್ಮಿಕರು ಸಿಲುಕಿದ್ದನ್ನೂ, ಅವರಲ್ಲಿ ಎಂಟು ಮಂದಿ ತೀರಿಕೊಂಡಿದ್ದನ್ನೂ, ಅದೇ ದಿನಗಳಲ್ಲಿ ಕುಲ್ಲುವಿನಲ್ಲಿ ಮಳೆಗೆ ಹಳ್ಳಗಳು ಉಕ್ಕಿದ್ದನ್ನೂ ಓದಿದವನಿಗೆ ಈ ಭರವಸೆ ಸಾಲುವುದಿಲ್ಲ. ಚಳಿ ಇಳಿಯುವ ಕಾಲದಲ್ಲಿ ಹಿಮ ಹೆಚ್ಚುವುದೇಕೆ? ಸುದ್ದಿಗಳಲ್ಲಿ ಹಿಮದ ಜೊತೆಗೆ ಗಾಳಿಯನ್ನೂ ಅಷ್ಟು ಒತ್ತಿ ಹೇಳುವುದೇಕೆ? ಈ ಎರಡನ್ನು ತಿಳಿದವರು ವಿವರಿಸಿದರೆ ಹೋಗುವುದೋ ಬಿಡುವುದೋ ಎಂದು ನಾನೇ ತೀರ್ಮಾನಿಸಿಕೊಳ್ಳಬಲ್ಲೆ.

ಉತ್ತರ: ಮೋಡಗಣ್ಣು

ಏಜೆಂಟರು ಚಳಿಯನ್ನೂ ಹಿಮವನ್ನೂ ಒಂದೇ ಎಂದು ಭಾವಿಸಿದ್ದಾರೆ. ಕಾಶ್ಮೀರದಲ್ಲಿ ಕಡುಚಳಿಯ ನಲವತ್ತು ದಿನಗಳಾದ ಚಿಲ್ಲೈ ಕಲಾನ್ ಡಿಸೆಂಬರ್ 21ಕ್ಕೆ ಆರಂಭವಾಗಿ ಜನವರಿಯ ಕೊನೆಗೆ ಮುಗಿಯುತ್ತದೆ, ನಿಜ. ಆದರೆ ಸರಾಸರಿ ಲೆಕ್ಕದಲ್ಲಿ ಶ್ರೀನಗರಕ್ಕೆ ವರ್ಷದಲ್ಲೇ ಹೆಚ್ಚು ನೀರು ಸುರಿಯುವ ತಿಂಗಳು ಮಾರ್ಚ್. ಊರಿನಲ್ಲಿ ಬಹುಪಾಲು ಮಳೆಯಾಗಿ ಬೀಳುವ ಅದೇ ನೀರು ಮೇಲಿನ ಬೆಟ್ಟಗಳಲ್ಲಿ ಹಿಮವಾಗಿ ಬೀಳುತ್ತದೆ.

ಇದನ್ನು ತರುವುದು ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ವಾಯುಭಾರ ಕುಸಿತಗಳು. ಅವು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ ಆಸುಪಾಸಿನಲ್ಲಿ ಹುಟ್ಟಿ, ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯ ಜೊತೆ ಸಾಗಿ, ಇರಾನ್ ಮತ್ತು ಅಫ್ಘಾನಿಸ್ತಾನವನ್ನು ದಾಟಿ ಬರುತ್ತವೆ. ದಾರಿಯಲ್ಲಿ ಕ್ಯಾಸ್ಪಿಯನ್ ಸಮುದ್ರದಿಂದಲೂ ಪರ್ಷಿಯನ್ ಕೊಲ್ಲಿಯಿಂದಲೂ, ಕೊನೆಯ ಹಂತದಲ್ಲಿ ನಮ್ಮ ಅರಬ್ಬೀ ಸಮುದ್ರದಿಂದಲೂ ತೇವವನ್ನು ಎಳೆದುಕೊಂಡು ಪೀರ್ ಪಂಜಾಲ್, ಧೌಲಾಧಾರ್ ಸಾಲುಗಳನ್ನು ಏರುವಾಗ ಅದನ್ನು ಸುರಿಸುತ್ತವೆ. ಬೇಸಿಗೆಯ ಹೊತ್ತಿಗೆ ಜೆಟ್ ಸ್ಟ್ರೀಮ್ ಟಿಬೆಟ್ಟಿನ ಉತ್ತರಕ್ಕೆ ಸರಿಯುವವರೆಗೂ ಈ ದಾರಿ ಮುಚ್ಚುವುದಿಲ್ಲ. ಇದರ ಜೊತೆಗೆ, ಬೆಚ್ಚಗಿನ ಗಾಳಿ ತಣ್ಣನೆಯ ಗಾಳಿಗಿಂತ ಹೆಚ್ಚು ತೇವವನ್ನು ಹೊರಬಲ್ಲದು. ಆದ್ದರಿಂದ ಫೆಬ್ರವರಿ, ಮಾರ್ಚ್‌ಗಳಲ್ಲಿ ಬಲವಾದ ಒಂದು ಡಿಸ್ಟರ್ಬೆನ್ಸ್ ಬಂದರೆ ಜನವರಿಯ ಒಣ ಪುಡಿಹಿಮಕ್ಕಿಂತ ತೂಕದ, ನೀರು ತುಂಬಿದ ಹಿಮ ಬೀಳುತ್ತದೆ.

2025ರಲ್ಲಿ ಗುಲ್ಮಾರ್ಗ್‌ನಲ್ಲಿ ಫೆಬ್ರವರಿ ಕೊನೆಗೆ ನಿಗದಿಯಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮವಿಲ್ಲವೆಂದು ಮುಂದೂಡಬೇಕಾಯಿತು. ಅದು ನಡೆದದ್ದು ಮಾರ್ಚ್ 9ರಿಂದ 12ರವರೆಗೆ, ತಡವಾಗಿ ಬಂದ ಹಿಮದ ಮೇಲೆ.

ಉತ್ತರ: ನಿವೃತ್ತ ಸುಬೇದಾರ್, ಕೊಡಗು

ಗಾಳಿಯ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ಬೆಟ್ಟದ ಮೇಲೆ ಎಷ್ಟು ಹಿಮ ಬಿದ್ದಿತೆಂಬುದಕ್ಕಿಂತ ಅದು ಎಲ್ಲಿ ಹೋಗಿ ಕೂತಿತೆಂಬುದೇ ಮುಖ್ಯ. ಆಗುಂಬೆಯ ಕಡೆಯವರಿಗೆ ಮಳೆನೆರಳು ಗೊತ್ತು: ಗಾಳಿಗೆ ಎದುರಾದ ಇಳಿಜಾರಿಗೆ ಮಳೆ ಸುರಿದು, ಆಚೆಯ ಬದಿ ಒಣಗುತ್ತದೆ. ಲಡಾಖ್ ಒಣಗಿರುವುದಕ್ಕೂ ಅದೇ ಕಾರಣ. ಆದರೆ ಒಂದೊಂದು ಶಿಖರದ ಅಂಚಿನಲ್ಲಿ, ಬಿದ್ದ ಹಿಮದ ವಿಷಯದಲ್ಲಿ, ಲೆಕ್ಕ ತಿರುವುಮುರುವಾಗುತ್ತದೆ. ಗಾಳಿಯು ಎದುರು ಬದಿಯ ಹಿಮವನ್ನು ಕೆರೆದೆತ್ತಿ ಅಂಚಿನ ಆಚೆಗೆ, ಗಾಳಿಮರೆಯ ಇಳಿಜಾರಿನಲ್ಲಿ ಪೇರಿಸುತ್ತದೆ. ಆಕಾಶದಿಂದ ಒಂದು ಅಡಿ ಬಿದ್ದ ದಿನ ಅಲ್ಲಿ ಅದರ ಹಲವು ಪಟ್ಟು ಕೂಡಿಕೊಂಡಿರಬಹುದು. ಹೀಗೆ ಕೂಡಿದ ಹಿಮದ ಹರಳುಗಳು ಗಾಳಿಯಲ್ಲಿ ಮುರಿದು ಒತ್ತಾಗಿ ಹೆಣೆದುಕೊಂಡು ಗಟ್ಟಿ ಹಲಗೆಯಂತಾಗುತ್ತವೆ; ಅದರ ಕೆಳಗೆ ಜನವರಿಯ ಸಡಿಲ ಪದರ ಉಳಿದಿದ್ದರೆ, ಮೇಲೆ ಬಿದ್ದ ಸ್ವಲ್ಪ ಭಾರಕ್ಕೂ ಇಡೀ ಹಲಗೆ ಒಮ್ಮೆಲೇ ಜಾರುತ್ತದೆ. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಇದು ಹೆಚ್ಚು. ಅದಕ್ಕಿಂತ ಕಡಿದಾದ ಕಡೆ ಹಿಮ ನಿಲ್ಲುವುದೇ ಕಷ್ಟ.

ಕನ್ನಡಿಗರಿಗೆ ಹಿಮಕುಸಿತವೆಂದರೆ ನೆನಪಾಗುವುದು 2016ರ ಫೆಬ್ರವರಿ 3ರ ಸಿಯಾಚಿನ್ ದುರಂತ. ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತ ಸಿಕ್ಕರೂ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆದರೆ ಅದು ಭಾರೀ ಮಂಜುಗಡ್ಡೆಯ ಗೋಡೆ ಕಳಚಿ ಬಿದ್ದ ಪ್ರಕರಣ. ರಸ್ತೆಯ ಮೇಲಿನ ಇಳಿಜಾರುಗಳಲ್ಲಿ ನಡೆಯುವುದು ಮೇಲೆ ಹೇಳಿದ ಹಲಗೆಯ ಕುಸಿತ, ಇಲ್ಲವೇ ಮಾರ್ಚ್ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ನೆನೆದು ಜಾರುವ ಒದ್ದೆ ಹಿಮ. ಬಿರುಗಾಳಿ ನಿಂತು ಆಕಾಶ ನೀಲಿಯಾದ ಮೊದಲ ಒಂದೆರಡು ದಿನಗಳೇ ಹೆಚ್ಚು ಅಪಾಯದವು. ಪ್ರವಾಸಿಗರು ಹೊರಡಲು ಹಾತೊರೆಯುವುದೂ ಅದೇ ದಿನ. ವಯಸ್ಸಾದವರನ್ನು ಕರೆದುಕೊಂಡು ಆ ವಾರದಲ್ಲಿ ಹೋಗಬೇಡಿ ಎಂಬುದೇ ನನ್ನ ಸಲಹೆ.

ತೀರ್ಥಹಳ್ಳಿಯವ

ಇಬ್ಬರಿಗೂ ವಂದನೆಗಳು. ಸುಬೇದಾರ್ ಸರ್, ನಾವು ಶಿಖರ ಹತ್ತುವವರಲ್ಲ, ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುವವರು. ಸುರಂಗವಿರುವಾಗಲೂ ಈ ಅಪಾಯ ತಟ್ಟುತ್ತದೆಯೇ?

ಉತ್ತರ: ಚಂಡೀಗಢ ಕನ್ನಡಿಗ

ಸುಬೇದಾರ್ ಅವರ ವಿವರಣೆಯನ್ನು ಒಪ್ಪುತ್ತೇನೆ, ಸಲಹೆಯನ್ನು ಪೂರ್ತಿ ಒಪ್ಪಲಾರೆ. ಮಾರ್ಚ್‌ನಲ್ಲಿ ಎರಡು ಬಿರುಗಾಳಿಗಳ ನಡುವೆ ಒಳ್ಳೆಯ ದಿನಗಳೂ ಸಿಗುತ್ತವೆ. ತಪ್ಪಾಗುವುದು ಬಿಗಿಯಾದ ಕಾರ್ಯಕ್ರಮ ಇಟ್ಟುಕೊಂಡವರಿಗೆ, ಅಂದರೆ ಇಂಥ ದಿನವೇ ಸಿಸ್ಸು, ಮರುದಿನವೇ ವಿಮಾನ ಎಂದು ಹೊರಟವರಿಗೆ.

2020ರ ಅಕ್ಟೋಬರ್‌ನಲ್ಲಿ ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಯನ್ನು ಏರುವ ಕಷ್ಟ ತಪ್ಪಿತು. ಆದರೆ ಸುರಂಗದ ಎರಡೂ ಬಾಯಿಗಳು 3,000 ಮೀಟರಿಗೂ ಮೇಲಿವೆ, ಅಲ್ಲಿಗೆ ಹೋಗುವ ರಸ್ತೆಗೆ ಮೇಲೆ ಯಾವ ಮರೆಯೂ ಇಲ್ಲ, ಅದರ ಪಕ್ಕದ ಇಳಿಜಾರುಗಳಿಂದ ಹಿಮ ಜಾರುತ್ತದೆ. ಹಿಮ ಬಿದ್ದಾಗ ಪೊಲೀಸರು ಸೋಲಂಗ್ ಕಡೆಯಲ್ಲೇ ವಾಹನಗಳನ್ನು ತಡೆಯುತ್ತಾರೆ, ಕೆಲವೊಮ್ಮೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಅಥವಾ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನಗಳನ್ನಷ್ಟೇ ಬಿಡುತ್ತಾರೆ. ತಡೆದವರ ಜೊತೆ ವಾದಿಸಲು ಹೋಗಬೇಡಿ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಮೇಲೆ ಹಿಮ ಬೀಳುವ ದಿನ ಕೆಳಗೆ ಮಂಡಿ, ಪಂಡೋಹ್ ಕಡೆ ಮಳೆ ಸುರಿದು ಗುಡ್ಡ ಕುಸಿಯುತ್ತದೆ. ಮನಾಲಿಯಲ್ಲಿ ಸುಖವಾಗಿದ್ದರೂ ಚಂಡೀಗಢಕ್ಕೆ ಮರಳುವ ದಾರಿ ಅಲ್ಲಿ ಮುಚ್ಚಿರಬಹುದು. ಆದ್ದರಿಂದ ವಾಪಸಾತಿಗೆ ಎರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಹವಾಮಾನ ಇಲಾಖೆಯ ಶಿಮ್ಲಾ ಕೇಂದ್ರದ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಹೊರಡುವ ಮುಂಚಿನಿಂದಲೇ ನೋಡುತ್ತಿರಿ. ಕಿತ್ತಳೆ ಕಂಡರೆ ಸುರಂಗದ ಆಚೆಗೆ ಹೋಗುವುದು ಬೇಡ. ಡಿಆರ್‌ಡಿಒದ ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆಯನ್ನು ಪ್ರತ್ಯೇಕವಾಗಿ ಕೊಡುತ್ತದೆ, ಅದು ಸ್ಥಳೀಯ ಸುದ್ದಿಗಳಲ್ಲಿ ಬರುತ್ತದೆ. ಅಪ್ಪ, ಅಮ್ಮನಿಗೆ ಗಾಳಿ ತಡೆಯುವ ಹೊರ ಅಂಗಿ ಅಗತ್ಯ. ಉಷ್ಣಾಂಶ ಮೈನಸ್ 5 ಇದ್ದು ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಬರಿಮೈಗೆ ಅದು ಮೈನಸ್ 14ರಂತೆ ತಟ್ಟುತ್ತದೆ, ಉಣ್ಣೆಯ ಸ್ವೆಟರ್ ಒಂದೇ ಆ ಗಾಳಿಯನ್ನು ತಡೆಯದು.

ಕಾರಿನಲ್ಲೇ ಸಿಲುಕುವ ಸಂದರ್ಭ ಬಂದರೆ ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಮೊದಲು ತೆಗೆಯಿರಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್‍ರಿಯಲ್ಲಿ ಹಿಮದ ನಡುವೆ ಕಾರುಗಳಲ್ಲಿ ಸಿಲುಕಿ ಕನಿಷ್ಠ 22 ಮಂದಿ ಸತ್ತಾಗ, ಚಳಿಯ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಕಾರಣವೆಂದು ಶಂಕಿಸಲಾಗಿತ್ತು. ಎಂಜಿನ್ನನ್ನು ಸತತವಾಗಿ ಓಡಿಸದೆ ಆಗಾಗ ಸ್ವಲ್ಪ ಹೊತ್ತು ಮಾತ್ರ ಚಾಲೂ ಮಾಡಿ, ಗಾಳಿಮರೆಯ ಬದಿಯ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಿ. ಹೋಟೆಲಿನ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಕೊಟ್ಟರೆ ಮಲಗುವ ಮುನ್ನ ಅದನ್ನು ಹೊರಗಿಡಲು ಹೇಳಿ.