ಚಳಿಗಾಲದ ರಜೆಗೆ ಮಕ್ಕಳ ಜೊತೆ ಏನು ಆಡೋದು?

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್‌ನಲ್ಲಿ ತಂಗಿಯ ಮಕ್ಕಳೂ ಬರುತ್ತಾರೆ, 6ರಿಂದ 12 ವರ್ಷದವರು. ದೊಡ್ಡವರೂ ಸೇರಿ ಹೊರಗೆ ಆಡುವಂಥ ಆಟ ಹೇಳಿ.

ಉತ್ತರ 1: ಲಗೋರಿ ಆಡಿ! 7 ಚಪ್ಪಟೆ ಕಲ್ಲು, ಒಂದು ಚೆಂಡು ಸಾಕು. ಚೆಂಡು ಮಾತ್ರ ಮೆತ್ತಗಿರಲಿ. ಚಳಿಯಲ್ಲಿ ರಬ್ಬರ್ ಚೆಂಡು ಬೆನ್ನಿಗೆ ಬಿದ್ದರೆ ಚುರ್ ಅನ್ನುತ್ತದೆ, ಚಿಕ್ಕವರು ಅತ್ತುಬಿಡುತ್ತಾರೆ. ನಾನು ಹಳೇ ಸಾಕ್ಸ್‌ಗೆ ಬಟ್ಟೆ ತುರುಕಿ, ಬಾಯಿ ಹೊಲಿದು ಕೊಡುತ್ತೇನೆ. ಕಲ್ಲು ಜೋಡಿಸೋಕೆ ಅಜ್ಜಿಯನ್ನೂ ಕರೆಯಿರಿ. ನಮ್ಮಮ್ಮನಷ್ಟು ಚುರುಕು ನಮ್ಮ ಓಣಿಯಲ್ಲೇ ಯಾರೂ ಇಲ್ಲ!

ಉತ್ತರ 2: ಕುಂಟೆಬಿಲ್ಲೆಯೂ ಚೆನ್ನ. ಚಿನ್ನಿದಾಂಡು ಬೇಡ, ಪುಟ್ಟವರ ಕಣ್ಣಿಗೆ ಚಿನ್ನಿ ಹಾರಬಹುದು.

ಉತ್ತರ 3: ಒಂದು ದಿನ ಚಿತ್ರದುರ್ಗದ ಕೋಟೆಗೆ ಬನ್ನಿ. ಓಬವ್ವನ ಕಿಂಡಿಯನ್ನು ಯಾರು ಮೊದಲು ಹುಡುಕುತ್ತಾರೆ ಅಂತ ಪಂದ್ಯ ಕಟ್ಟಿ. ಬೆಳಿಗ್ಗೆನೇ ಬನ್ನಿ, ಮಧ್ಯಾಹ್ನ ಬಂಡೆ ಕಾಯುತ್ತವೆ.