ಐದು ವರ್ಷದ ಮಗುವಿಗೆ ಆಟ ಮತ್ತು ಓದಿನ ಮೂಲಕ ಹಣದ ಪರಿಚಯ ಮಾಡಿಸುವುದು ಹೇಗೆ?

ಪ್ರಶ್ನೆ

ನನ್ನ ಮಗಳಿಗೆ ಐದು ವರ್ಷ. ನೂರರವರೆಗೆ ಎಣಿಸಬಲ್ಲಳು, ಆದರೆ ಐದು ಚಿಕ್ಕ ನಾಣ್ಯಗಳನ್ನೂ, ಅವೆಲ್ಲಕ್ಕಿಂತ ಹೆಚ್ಚು ಬೆಲೆಯ ಒಂದು ನೋಟನ್ನೂ ಮುಂದಿಟ್ಟರೆ ನಾಣ್ಯಗಳನ್ನೇ ಆರಿಸಿಕೊಳ್ಳುತ್ತಾಳೆ. ಮನೆಯ ಪಾವತಿಗಳೆಲ್ಲ ಬಹುತೇಕ ಮೊಬೈಲಿನಲ್ಲೇ ನಡೆಯುವುದರಿಂದ, ಕೊಟ್ಟ ಹಣ ಕೈಬಿಟ್ಟು ಹೋಗುತ್ತದೆ ಎಂಬುದನ್ನು ಅವಳು ಕಂಡದ್ದೇ ಕಡಿಮೆ. ಪಾಠ ಒಪ್ಪಿಸದೆ, ಆಟ ಹಾಗೂ ಕಥೆಗಳ ಮೂಲಕ ಇದನ್ನು ಕಲಿಸುವುದು ಹೇಗೆ?

ಉತ್ತರ 1

ನಾಣ್ಯಗಳನ್ನು ಆರಿಸಿಕೊಳ್ಳುವುದು ಆ ವಯಸ್ಸಿಗೆ ಸಹಜ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ ತೋರಿಸಿಕೊಟ್ಟಂತೆ, ಸಾಲಾಗಿಟ್ಟ ವಸ್ತುಗಳನ್ನು ತುಸು ದೂರ ದೂರ ಸರಿಸಿದರೆ ಸಾಕು, ಅವುಗಳ ಸಂಖ್ಯೆಯೇ ಹೆಚ್ಚಾಯಿತೆಂದು ಅನೇಕ ಚಿಕ್ಕ ಮಕ್ಕಳು ಹೇಳುತ್ತಾರೆ. ಹೀಗಿರುವಾಗ ನೋಟಿನ ಮೇಲೆ ಅಚ್ಚಾದ ಬೆಲೆ ಅವರಿಗೆ ದೂರದ ಮಾತು. ಆದ್ದರಿಂದ ನಾಣ್ಯ, ನೋಟುಗಳನ್ನು ಸದ್ಯಕ್ಕೆ ಬದಿಗಿಟ್ಟು, ಎಲ್ಲಕ್ಕೂ ಒಂದೇ ಬೆಲೆಯಿರುವ ಅಂಗಿಯ ಗುಂಡಿಗಳಿಂದ ಅಂಗಡಿಯಾಟ ಆಡಿಸಿ. ಅವಳ ಕೈಗೆ ಹತ್ತು ಗುಂಡಿ ಕೊಟ್ಟು, ಅಂಗಡಿಯ ಸರಕಿನ ಒಟ್ಟು ಬೆಲೆ ಹದಿನೈದಾಗುವಂತೆ ನೋಡಿಕೊಂಡರೆ, ಎಲ್ಲವನ್ನೂ ಕೊಳ್ಳಲಾಗದೆಂಬುದು ನೀವು ಹೇಳದೆಯೇ ಎದುರಾಗುತ್ತದೆ. ಗುಂಡಿ ಮುಗಿದಾಗ ಮರುಕಪಟ್ಟು ಇನ್ನೆರಡು ಕೊಡಬೇಡಿ. ಆಟದ ತಿರುಳೇ ಅಲ್ಲಿದೆ. ಅವಳು ಅಂಗಡಿಯವಳಾದಾಗ ನೀವು ಬೇಕೆಂದೇ ಒಂದು ಗುಂಡಿ ಕಡಿಮೆ ಕೊಟ್ಟು ನೋಡಿ. ಹಣದಾಟದ ದೊಡ್ಡ ಬೋರ್ಡ್ ಗೇಮ್‌ಗಳಿಗೆ ಇನ್ನೂ ಎರಡು ಮೂರು ವರ್ಷ ಕಾಯಬಹುದು.

ಉತ್ತರ 2

ಓದಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. ಉಳಿತಾಯದ ಬಗ್ಗೆಯೇ ಬರೆದ ನೀತಿಕಥೆಗಳ ಉಪದೇಶ ಮಕ್ಕಳಿಗೆ ಎರಡನೆಯ ಪುಟದಲ್ಲೇ ತಿಳಿದುಬಿಡುತ್ತದೆ. ಅದಕ್ಕಿಂತ, ಅವಳು ಮೆಚ್ಚಿದ ಯಾವುದೇ ಕಥೆಯಲ್ಲಿ ಒಬ್ಬರು ಏನನ್ನೋ ಬಯಸುವ ಅಥವಾ ವಿನಿಮಯ ಮಾಡಿಕೊಳ್ಳುವ ಸಂದರ್ಭ ಬಂದಾಗ ಪುಟ ತಿರುಗಿಸುವುದನ್ನು ತಡೆದು, “ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿ. ಉತ್ತರವನ್ನು ತಿದ್ದಬೇಡಿ.

ಉತ್ತರ 3

ಗುಂಡಿಗಳ ಆಟ ರೂಢಿಯಾದ ಮೇಲೆ ಉಳಿಸುವುದನ್ನೂ ಸೇರಿಸಬಹುದು. ಆದರೆ ಅದನ್ನು ಮಗುವಿನ ಸಂಯಮದ ಪರೀಕ್ಷೆಯಾಗಿಸಬಾರದು. ಮೊದಲು ಕೊಟ್ಟ ಮಾತನ್ನು ನಡೆಸಿಕೊಟ್ಟ ದೊಡ್ಡವರೆದುರು ಮಕ್ಕಳು ಹೆಚ್ಚು ಹೊತ್ತು ಕಾಯುತ್ತಾರೆ ಎಂಬುದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಕಂಡುಬಂದಿದೆ. ಹಾಗಾಗಿ ಉಳಿತಾಯದ ಡಬ್ಬಿ ತುಂಬಿದಾಗ ಅವಳು ಬಯಸಿದ್ದನ್ನು ಕೊಳ್ಳಬಹುದೆಂದು ಹೇಳಿದ್ದರೆ, ಆ ವಸ್ತು ನಿಮಗೆ ನಿರುಪಯುಕ್ತವೆನಿಸಿದರೂ ಕೊಡಿಸಿ. ಡಬ್ಬಿ ಪಾರದರ್ಶಕವಾಗಿದ್ದರೆ ಒಳ್ಳೆಯದು. ಇನ್ನು ಮೊಬೈಲ್ ಪಾವತಿಯ ಮಾತು: ರಟ್ಟಿನ ತುಂಡೊಂದರ ಮೇಲೆ ಹತ್ತು ಚೌಕ ಬರೆದು ಅದನ್ನೇ ಕಾರ್ಡ್ ಎಂದು ಕರೆಯಿರಿ. ಅಂಗಡಿಯಾಟದಲ್ಲಿ ಪ್ರತಿ ಖರೀದಿಗೂ ಅವಳೇ ಅಷ್ಟು ಚೌಕಗಳನ್ನು ಹೊಡೆದುಹಾಕಲಿ. ನೀವು ಮೊಬೈಲಿನಲ್ಲಿ ಪಾವತಿಸುವಾಗಲೂ ಮುಂಚೆ ಮತ್ತು ನಂತರ ಖಾತೆಯಲ್ಲಿರುವ ಹಣವನ್ನು ಅವಳಿಗೆ ತೋರಿಸಿ.